ನಾಗೋಯಾದ ಟಿವಿ ಬೆಂಗಳೂರಿಗೆ ಯಾಕೆ ಬರುವುದಿಲ್ಲ?

ಪ್ರಶ್ನೆ: ನಮ್ಮ ಯಜಮಾನರ ಕೆಲಸದ ಮೇಲೆ ಆರು ವರ್ಷ ಜಪಾನಿನ ನಾಗೋಯಾದಲ್ಲಿದ್ದೆವು. ಹೋದ ವರ್ಷ ಬೆಂಗಳೂರಿಗೆ ವಾಪಸ್ ಬಂದಿದ್ದೇವೆ. ಮಗನಿಗೆ ಒಂಬತ್ತು ವರ್ಷ. ಅಲ್ಲಿ ಪಟಪಟ ಅಂತ ಜಪಾನಿ ಮಾತಾಡುತ್ತಿದ್ದವನು ಈಗ ದಿನೇ ದಿನೇ ಮರೆಯುತ್ತಿದ್ದಾನೆ. ಸಂಜೆ ಹೊತ್ತು ಅಲ್ಲಿನ ಟಿವಿ ಹಾಕಿಟ್ಟರೆ ಕಿವಿಗಾದರೂ ಬೀಳುತ್ತದೆ ಅಂದುಕೊಂಡೆ. ಅಲ್ಲಿ ನೋಡುತ್ತಿದ್ದ ಟೀವರ್ ಆಪ್‌ನಲ್ಲಿ ಇಲ್ಲಿ ಒಂದು ಕಾರ್ಯಕ್ರಮವೂ ಓಡುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ವರ್ಷಕ್ಕೆ 18 ಸಾವಿರ ಕೊಟ್ಟರೆ ಎಂಬತ್ತು ಜಪಾನಿ ಚಾನೆಲ್ ಬರುವ ಬಾಕ್ಸ್ ಕೊಡುತ್ತೇನೆ ಅನ್ನುತ್ತಾರೆ. 'ಅಲ್ಲಿ ಅವೆಲ್ಲ ಫ್ರೀ ಚಾನೆಲ್, ನೋಡಿದರೆ ತಪ್ಪೇನು' ಅಂತ ಅವರ ವಾದ. ಯಜಮಾನರು ವಿಪಿಎನ್ ಹಾಕೋಣ, ನಾವು ಜಪಾನಿನಲ್ಲೇ ಇದ್ದಂತೆ ಆಪ್‌ಗೆ ಕಾಣುತ್ತದೆ ಅನ್ನುತ್ತಾರೆ. ಮಾವನವರು ತಾರಸಿಯ ಮೇಲೆ ದೊಡ್ಡ ಡಿಶ್ ಹಾಕಿದರೆ ಎಲ್ಲಾ ಬರುತ್ತೆ ಅನ್ನುತ್ತಾರೆ. ಜಪಾನ್ ಸರ್ಕಾರವೇ ತಡೆ ಹಾಕಿದೆಯಾ? ಅಲ್ಲಿಂದ ತಂದ ಟಿವಿ, ಡಿವಿಡಿಗಳನ್ನಾದರೂ ಉಪಯೋಗಿಸಬಹುದಾ?

ಉತ್ತರ: ಬಾಕ್ಸ್ ತಗೋಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆ ಅನ್ನುವುದು ಆಮೇಲೆ ಬರುತ್ತದೆ.

ನೀವು ಕೇಳಿರುವುದು ಚಾನೆಲ್ ಬಗ್ಗೆ. ಆದರೆ ಚಿಂತೆ ಇರುವುದು ಮಗನ ಭಾಷೆಯ ಬಗ್ಗೆ, ಅಲ್ವಾ? ಎರಡೂ ಬೇರೆ ಬೇರೆ. ಜಪಾನಿನ ಖಾಸಗಿ ಚಾನೆಲ್‌ಗಳು ಹೊರದೇಶಕ್ಕೆ ಬರುವುದಿಲ್ಲ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಅವುಗಳ ಕಾರ್ಯಕ್ರಮಗಳು ಮಾತ್ರ ಬರುತ್ತವೆ, ಬಿಡಿಬಿಡಿಯಾಗಿ. ಚಾನೆಲ್ ಹುಡುಕುವುದನ್ನು ಬಿಟ್ಟು ಕಾರ್ಯಕ್ರಮ ಹುಡುಕಿದರೆ ನಿಮ್ಮ ಕೆಲಸ ಅರ್ಧ ಸಲೀಸು.

ನಾನು ಟಿವಿ ಕಾರ್ಯಕ್ರಮಗಳ ಹಕ್ಕು ಕೊಂಡುಕೊಡುವ ಕೆಲಸದಲ್ಲಿ ಹದಿನೇಳು ವರ್ಷ ಕಳೆದಿದ್ದೇನೆ. ಒಮ್ಮೆ ಜಪಾನಿನ ಒಂದು ಸ್ಟೇಷನ್ನಿನಿಂದ ಊರೂರು ಸುತ್ತಿ ಊಟ ತೋರಿಸುವ ಕಾರ್ಯಕ್ರಮದ ಹದಿಮೂರು ಕಂತು ಕೇಳಿದ್ದೆವು. ಅವರಿಗೆ ಮಾರುವ ಮನಸ್ಸಿತ್ತು, ನಮಗೆ ಕೊಳ್ಳುವ ದುಡ್ಡಿತ್ತು. ಎಂಟು ತಿಂಗಳಾದರೂ ಮುಗಿಯಲಿಲ್ಲ. ನಾಲ್ಕನೇ ಕಂತಿನಲ್ಲಿ ಹಿಂದೆ ಕೇಳುವ ಒಂದು ಹಾಡು. ಏಳನೆಯದರಲ್ಲಿ ಅತಿಥಿಯಾಗಿ ಬಂದ ನಟಿ. ಹತ್ತನೆಯದರಲ್ಲಿ ಎರಡು ನಿಮಿಷದ ಹಳೆಯ ಬೇಸ್‌ಬಾಲ್ ದೃಶ್ಯ. ಒಬ್ಬೊಬ್ಬರ ಒಪ್ಪಿಗೆಯೂ ಬೇರೆ. ಕೊನೆಗೆ ನಾವೇ ಕೈಬಿಟ್ಟೆವು. ನಿಮ್ಮ ಆಪ್ ಯಾಕೆ ತೋರಿಸುವುದಿಲ್ಲ ಅನ್ನುವುದಕ್ಕೆ ಹೆಚ್ಚುಕಮ್ಮಿ ಇದೇ ಉತ್ತರ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾಗೋಯಾದಲ್ಲಿ ನೀವು ನೋಡುತ್ತಿದ್ದ ಟಿವಿಯನ್ನೇ ನೆನಪಿಸಿಕೊಳ್ಳಿ. ರಿಮೋಟಿನಲ್ಲಿ ಟೋಕಿಯೋದ ನಿಪ್ಪಾನ್ ಟಿವಿ, ಟಿಬಿಎಸ್, ಫ್ಯೂಜಿ, ಟಿವಿ ಅಸಾಹಿ, ಟಿವಿ ಟೋಕಿಯೋ ಇರಲಿಲ್ಲ. ಇದ್ದದ್ದು ಚುಕ್ಯೋ ಟಿವಿ, ಸಿಬಿಸಿ, ತೋಕಾಯ್ ಟಿವಿ, ಮೇತೆರೆ, ಟಿವಿ ಐಚಿ. ಇವು ಟೋಕಿಯೋದ ಆ ಐದರ ಜೊತೆ ಒಪ್ಪಂದ ಮಾಡಿಕೊಂಡ ಊರಿನ ಸ್ಟೇಷನ್‌ಗಳು. ಅಲ್ಲಿ ಲೈಸೆನ್ಸ್ ಕೊಡುವುದೇ ಪ್ರದೇಶ ನೋಡಿ. ಟಿವಿ ಐಚಿಯ ಲೈಸೆನ್ಸ್ ಐಚಿ ಪ್ರಾಂತ್ಯಕ್ಕೆ ಮಾತ್ರ. ಉಳಿದ ನಾಲ್ಕಕ್ಕೆ ಪಕ್ಕದ ಗಿಫು, ಮಿಯೆಯೂ ಸೇರುತ್ತವೆ. ದೇಶದ ತುಂಬ ಇಂಥ ಸ್ಟೇಷನ್‌ಗಳು ನೂರಕ್ಕೂ ಜಾಸ್ತಿ. ಅಂದರೆ ಟೋಕಿಯೋದ ಸ್ಟೇಷನ್ ನಾಗೋಯಾಕ್ಕೇ ನೇರವಾಗಿ ಬರುವುದಿಲ್ಲ. ಬೆಂಗಳೂರಿನ ಮಾತು ಬಿಡಿ!

ಇದಕ್ಕೆ ಕಾರಣ ಜಾಹೀರಾತು. ಎನ್‌ಎಚ್‌ಕೆ ಸಾರ್ವಜನಿಕ ಸಂಸ್ಥೆ, ಮನೆಮನೆಯಿಂದ ಶುಲ್ಕ ತೆಗೆದುಕೊಳ್ಳುತ್ತದೆ. ನೀವೂ ಕಟ್ಟಿರಬೇಕು. ಖಾಸಗಿಯವರಿಗೆ ಆ ಹಣ ಇಲ್ಲ. 1953ರ ಆಗಸ್ಟ್‌ನಲ್ಲಿ ನಿಪ್ಪಾನ್ ಟಿವಿ ಶುರುವಾದಾಗ ಜನರ ಮನೆಗಳಲ್ಲಿ ಟಿವಿಯೇ ಇರಲಿಲ್ಲ. ಅದರ ಸ್ಥಾಪಕ ಶೋರಿಕಿ ಮತ್ಸುತಾರೋ ರೈಲು ನಿಲ್ದಾಣಗಳ ಮುಂದೆ, ಚೌಕಗಳಲ್ಲಿ ಟಿವಿ ಪೆಟ್ಟಿಗೆ ಇಡಿಸಿದರು. ರಿಕಿದೋಜಾನ್ ಎಂಬ ಪೈಲ್ವಾನನ ಕುಸ್ತಿ ನೋಡಲು ಬೀದಿಯಲ್ಲಿ ಜನ ಕಿಕ್ಕಿರಿದು ನಿಂತರು. ಮನೆಯಲ್ಲಿ ಎಷ್ಟು ಪೆಟ್ಟಿಗೆ ಇವೆ ಅನ್ನುವುದು ಬೇಡ, ಎಷ್ಟು ಕಣ್ಣು ನೋಡುತ್ತಿವೆ ಅನ್ನುವುದು ಮುಖ್ಯ ಅಂತ ಅವರು ಜಾಹೀರಾತುದಾರರಿಗೆ ತೋರಿಸಿದರು. ಇಡೀ ವ್ಯವಸ್ಥೆ ಆ ಲೆಕ್ಕದ ಮೇಲೆಯೇ ಬೆಳೆಯಿತು. ನಾಗೋಯಾದ ಮಿಸೊ ಕಟ್ಸು ಹೋಟೆಲಿನವರು ಕೊಟ್ಟ ಜಾಹೀರಾತನ್ನು ಜಯನಗರದಲ್ಲಿ ನೀವು ನೋಡಿದರೆ ಅವರಿಗೆ ಮೂರು ಕಾಸಿನ ಲಾಭ ಇಲ್ಲ.

'ಅಲ್ಲಿ ಫ್ರೀ' ಅನ್ನುವ ವಾದ ಇಲ್ಲೇ ಎಡವುತ್ತದೆ. ಫ್ರೀ ಅಂದರೆ ನೀವು ದುಡ್ಡು ಕೊಡುವುದಿಲ್ಲ ಅಂತ ಅರ್ಥ, ಯಾರೂ ಕೊಡುವುದಿಲ್ಲ ಅಂತ ಅಲ್ಲ. ಅಲ್ಲಿನ ಅಂಗಡಿಯವರು ಅಲ್ಲಿನ ನೋಡುಗರಿಗಾಗಿ ಕೊಟ್ಟಿರುತ್ತಾರೆ. ಟೀವರ್ ಕೂಡ ಹಾಗೆಯೇ. 2015ರಲ್ಲಿ ಆ ಐದೂ ಟೋಕಿಯೋ ಸ್ಟೇಷನ್‌ಗಳು ಸೇರಿ ಶುರು ಮಾಡಿದ್ದು. ಜಪಾನಿನೊಳಗೆ ಪುಕ್ಕಟೆ, ಹೊರಗೆ ಬಾಗಿಲು ಹಾಕಿದೆ.

ಜಾಹೀರಾತಿಗಿಂತ ದೊಡ್ಡ ಗಂಟು ಹಕ್ಕುಗಳದ್ದು. ಜಪಾನಿನ ಕಾನೂನಿನಲ್ಲಿ 'ಪ್ರಸಾರ'ಕ್ಕೆ ಒಂದು ಅನುಕೂಲ ಇದೆ. ಮಾರುಕಟ್ಟೆಗೆ ಬಂದ ಯಾವುದೇ ಹಾಡಿನ ರೆಕಾರ್ಡನ್ನು ಟಿವಿಯವರು ಮೊದಲೇ ಕೇಳದೆ ಬಳಸಬಹುದು. ಆಮೇಲೆ ಒಟ್ಟಾಗಿ ಹಣ ಕಟ್ಟಿದರೆ ಸಾಕು. ಅದಕ್ಕೇ ಅಲ್ಲಿನ ಹರಟೆ ಕಾರ್ಯಕ್ರಮಗಳಲ್ಲಿ ಐದು ನಿಮಿಷಕ್ಕೊಂದು ಹಿಟ್ ಹಾಡು ಕೇಳುತ್ತದೆ, ಗಮನಿಸಿದ್ದೀರಾ? ಆದರೆ ಅದೇ ಕಂತು ಹೊರದೇಶಕ್ಕೆ ಹೋಗಬೇಕಾದರೆ ಈ ಅನುಕೂಲ ಇಲ್ಲ. ಒಂದೊಂದು ಹಾಡಿಗೂ ಒಪ್ಪಿಗೆ ಬೇಕು, ಇಲ್ಲದಿದ್ದರೆ ಹಾಡು ತೆಗೆದು ಬೇರೆ ಸಂಗೀತ ಕೂರಿಸಬೇಕು. ಅದರ ಮೇಲೆ ಕಲಾವಿದರ ಏಜೆನ್ಸಿಗಳು. ಒಂದು ಹರಟೆ ಕಾರ್ಯಕ್ರಮದಲ್ಲಿ ಇಪ್ಪತ್ತು ಜನ ಕೂತಿರುತ್ತಾರೆ, ಅವರ ಹಿಂದೆ ಹತ್ತು ಏಜೆನ್ಸಿ. ಒಂದು ದೊಡ್ಡ ಏಜೆನ್ಸಿಯಂತೂ ತನ್ನ ಹುಡುಗರ ಫೋಟೋವನ್ನೇ ಇಂಟರ್ನೆಟ್ಟಿಗೆ ಹಾಕಲು ಬಹಳ ಕಾಲ ಬಿಡುತ್ತಿರಲಿಲ್ಲ.

ಜಪಾನಿನೊಳಗೇ ಟಿವಿಯಲ್ಲಿ ಬರುವುದನ್ನು ಅದೇ ಹೊತ್ತಿಗೆ ನೆಟ್ಟಿನಲ್ಲೂ ತೋರಿಸಲು ಕಾನೂನು ತಿದ್ದಬೇಕಾಯಿತು. ಆ ತಿದ್ದುಪಡಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಆ ವರ್ಷ ಏಪ್ರಿಲ್‌ನಿಂದ ಐದೂ ಸ್ಟೇಷನ್‌ಗಳು ರಾತ್ರಿಯ ಮುಖ್ಯ ವೇಳೆಯ ಕಾರ್ಯಕ್ರಮಗಳನ್ನು ಟೀವರ್‌ನಲ್ಲಿ ನೇರವಾಗಿ ಕೊಡತೊಡಗಿದವು. ಸ್ವಂತ ಮನೆಯಲ್ಲೇ ಇಷ್ಟು ತಡ!

ನಮ್ಮ ಕನ್ನಡ ಧಾರಾವಾಹಿಗಳ ಜೊತೆ ಹೋಲಿಸಿದರೆ ಬೇಗ ಅರ್ಥವಾಗುತ್ತದೆ. ಇಲ್ಲಿ ಸಾಮಾನ್ಯವಾಗಿ ಚಾನೆಲ್‌ನವರು ನಿರ್ಮಾಪಕರಿಂದ ಲೋಕದ ಎಲ್ಲ ಹಕ್ಕನ್ನೂ ಒಂದೇ ಕಾಗದದಲ್ಲಿ ಬರೆಸಿಕೊಳ್ಳುತ್ತಾರೆ. ನಿರ್ಮಾಪಕರಿಗೆ ಅದು ಒಳ್ಳೆಯದೋ ಕೆಟ್ಟದ್ದೋ, ಆ ಜಗಳ ಬೇರೆ. ಆದರೆ ನ್ಯೂಜೆರ್ಸಿಯಲ್ಲಿರುವ ಮಗಳು ಸಂಜೆಯ ಧಾರಾವಾಹಿ ನೋಡಬಹುದು. ಜಪಾನಿನಲ್ಲಿ ಆ ಒಂದು ಕಾಗದ ಇಲ್ಲ. ಮಾಡಿಸುವ ಅವಸರವೂ ಇರಲಿಲ್ಲ. 12 ಕೋಟಿ ಜನ, ಕೈತುಂಬ ಜಾಹೀರಾತು, ಒಂದೇ ಭಾಷೆ. ಊರಿನ ಸಂತೆಯಲ್ಲೇ ಎಲ್ಲಾ ಮಾರಿಹೋಗುವಾಗ ಯಾರು ಗಾಡಿ ಕಟ್ಟಿಕೊಂಡು ಪರವೂರಿಗೆ ಹೋಗುತ್ತಾರೆ? ಕೊರಿಯಾದವರಿಗೆ ಮನೆಯ ಮಾರುಕಟ್ಟೆ ಚಿಕ್ಕದು, ಅವರು ಮೊದಲಿನಿಂದಲೇ ಹೊರಗೆ ಮಾರುವ ಲೆಕ್ಕ ಹಾಕಿದರು.

ಹಾಗಾದರೆ ಸರ್ಕಾರದ ತಡೆ? ಇಲ್ಲ. ತಡೆ ಇದ್ದದ್ದು ಆಚೆ ಕಡೆಯಿಂದ. ಜಪಾನಿನ ಹಳೆಯ ಆಳ್ವಿಕೆಯ ಗಾಯದಿಂದ ದಕ್ಷಿಣ ಕೊರಿಯಾ ಜಪಾನಿ ಸಿನಿಮಾ, ಹಾಡು, ಕಾರ್ಯಕ್ರಮಗಳನ್ನು ಬಹಳ ವರ್ಷ ದೂರ ಇಟ್ಟಿತ್ತು. 1998ರಿಂದ ಮೆಲ್ಲಗೆ ಬಾಗಿಲು ತೆರೆಯಿತು. ತೈವಾನ್ 1993ರಲ್ಲೇ ತೆರೆದಿತ್ತು. ಅಲ್ಲಂತೂ ಅದಕ್ಕೂ ಮೊದಲೇ ಕದ್ದುಮುಚ್ಚಿ ಕೇಬಲ್ಲಿನವರು ಜಪಾನಿ ಕಾರ್ಯಕ್ರಮ ತೋರಿಸುತ್ತಿದ್ದರು. ಭಾರತಕ್ಕೆ ಹೊರದೇಶದ ಚಾನೆಲ್ ಬರಬೇಕಾದರೆ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅನುಮತಿ ಬೇಕು. ಅದು ಎಲ್ಲ ದೇಶಕ್ಕೂ ಇರುವ ನಿಯಮ.

ನಿಮ್ಮ ಮಾವನವರ ಡಿಶ್ ವಿಚಾರ. ಅವರ ನೆನಪು ಸುಳ್ಳಲ್ಲ. 1991-92ರಲ್ಲಿ ತಾರಸಿಯ ಮೇಲೆ ದೊಡ್ಡ ಡಿಶ್ ಹಾಕಿದವರಿಗೆ ಸ್ಟಾರ್ ಟಿವಿ ಬರುತ್ತಿತ್ತು. ಯಾಕೆಂದರೆ ಅದು ಬರುತ್ತಿದ್ದ ಏಷ್ಯಾಸ್ಯಾಟ್-1 ಉಪಗ್ರಹ ಇಡೀ ಏಷ್ಯಾಕ್ಕೆ ಬೆಳಕು ಚೆಲ್ಲುವಂತೆಯೇ ಮಾಡಿದ್ದು. ಅದು ಇದ್ದದ್ದು 105.5 ಡಿಗ್ರಿ ಪೂರ್ವದಲ್ಲಿ. ಜಪಾನಿನ ಟಿವಿ ಉಪಗ್ರಹಗಳು ಇರುವುದು 110 ಡಿಗ್ರಿಯಲ್ಲಿ, ಆಕಾಶದಲ್ಲಿ ಬಹುತೇಕ ಪಕ್ಕದ ಮನೆ. ಬೆಂಗಳೂರಿನ ತಾರಸಿಯಿಂದ ಆ ಕಡೆಗೆ ಡಿಶ್ ತಿರುಗಿಸಬಹುದು. ಆದರೆ ಅವುಗಳ ಕಿರಣ ಟಾರ್ಚ್ ಹಿಡಿದಂತೆ ಜಪಾನಿನ ಮೇಲೆ ಮಾತ್ರ ಬೀಳುತ್ತದೆ. ಅಂಚಿನಲ್ಲಿ ಕೊರಿಯಾ, ತೈವಾನ್‌ಗೆ ಚೆಲ್ಲುತ್ತದೆ, ಅಷ್ಟೇ. ಒಂದು ಕಾಲದಲ್ಲಿ ಅಲ್ಲಿನವರು ಡಿಶ್ ಹಾಕಿ ನೋಡಿದ್ದೂ ಉಂಟು. ಇಲ್ಲಿಗೆ ಸಿಗ್ನಲ್ ತಲುಪುವುದಿಲ್ಲ. ತಲುಪಿದರೂ ಅದಕ್ಕೆ ಬೀಗ ಇದೆ, ಜಪಾನಿನ ಬಿ-ಕ್ಯಾಸ್ ಕಾರ್ಡ್ ಬೇಕು. ಹಾಗಾಗಿ ತಾರಸಿ ಬಟ್ಟೆ ಒಣಗಿಸಲು ಇರಲಿ.

ಅಲ್ಲಿಂದ ತಂದ ಟಿವಿಯೂ ಇಲ್ಲಿ ಆಂಟೆನಾ ಹಾಕಿದರೆ ಏನೂ ಹಿಡಿಯುವುದಿಲ್ಲ. ಜಪಾನಿನ ಡಿಜಿಟಲ್ ಪದ್ಧತಿ ಐಎಸ್‌ಡಿಬಿ-ಟಿ, ನಮ್ಮ ದೂರದರ್ಶನದ್ದು ಡಿವಿಬಿ. ಜಪಾನಿನ ಖಾಸಗಿ ಚಾನೆಲ್ ಹೊರಗೆ ಹೋಗದಿದ್ದರೂ ಅವರ ಈ ತಂತ್ರಜ್ಞಾನ ಬಹಳ ದೂರ ಹೋಗಿದೆ. 2006ರಲ್ಲಿ ಬ್ರೆಜಿಲ್ ಒಪ್ಪಿಕೊಂಡಿತು, ಆಮೇಲೆ ದಕ್ಷಿಣ ಅಮೆರಿಕದ ಹಲವು ದೇಶಗಳು, 2014ರಲ್ಲಿ ಪಕ್ಕದ ಶ್ರೀಲಂಕಾ. ನಿಮ್ಮ ಟಿವಿಯನ್ನು ಎಚ್‌ಡಿಎಂಐ ಕೇಬಲ್ ಹಾಕಿ ಪರದೆಯಂತೆ ಬಳಸಬಹುದು. ಆದರೆ ಹಿಂದಿನ ಚೀಟಿ ನೋಡಿ. ಬರೀ 100 ವೋಲ್ಟ್ ಅಂತಿದ್ದರೆ ನೇರವಾಗಿ ನಮ್ಮ ಗೋಡೆಗೆ ಸಿಕ್ಕಿಸಿದಿರೋ, ಹೊಗೆ ಬರುತ್ತದೆ. ಡಿವಿಡಿಗಳ ಕಥೆಯೂ ಹಾಗೆ. ಡಿಸ್ಕಿಗೂ ಪ್ಲೇಯರಿಗೂ ಪ್ರದೇಶದ ಸಂಖ್ಯೆ ಹೊಂದಬೇಕು. ಜಪಾನಿನದು ರೀಜನ್ 2, ನಮ್ಮದು 5. ಬ್ಲೂ-ರೇ ಆದರೆ ಅಲ್ಲಿ ಎ, ಇಲ್ಲಿ ಸಿ. ಅಲ್ಲಿಂದಲೇ ಪ್ಲೇಯರ್ ತಂದಿದ್ದರೆ ಅದರಲ್ಲಿ ಹಾಕಿ, ಅಂಗಡಿಯಿಂದ ಕೊಂಡ ಡಿಸ್ಕ್‌ಗಳು ಓಡುತ್ತವೆ. ಮಗನಿಗೆ ಗೊತ್ತಿರುವ ಕಥೆಗಳನ್ನೇ ಮತ್ತೆ ಮತ್ತೆ ಹಾಕುವುದಕ್ಕೆ ಇದು ಒಳ್ಳೆಯ ದಾರಿ. ಯಾರೂ ಇದನ್ನು ನಿಮ್ಮಿಂದ ಕಿತ್ತುಕೊಳ್ಳಲಾರರು.

ಈಗ ಬಾಕ್ಸ್. ಇದು ಹೊಸ ಉಪಾಯವೇನಲ್ಲ. ಹೊರದೇಶದಲ್ಲಿದ್ದ ಜಪಾನಿಗಳಿಗೆ ಊರಿನ ಟಿವಿ ತೋರಿಸುವ ವ್ಯಾಪಾರವನ್ನು ಜಪಾನಿನಲ್ಲೇ ಕೆಲವರು ಶುರು ಮಾಡಿದ್ದರು. ಮನೆಕಿ ಟಿವಿ ಅಂತ ಒಂದು. ಗಿರಾಕಿಯ ಹೆಸರಿನಲ್ಲಿದ್ದ ಸಣ್ಣ ಯಂತ್ರವನ್ನು ಟೋಕಿಯೋದ ತಮ್ಮ ಜಾಗದಲ್ಲಿಟ್ಟು ಆಂಟೆನಾ ಜೋಡಿಸಿ ಕೊಡುತ್ತಿದ್ದರು. ಗಿರಾಕಿ ಎಲ್ಲಿಂದಲಾದರೂ ಇಂಟರ್ನೆಟ್ಟಿನಲ್ಲಿ ನೋಡುವುದು. ರೋಕುರಾಕು ಅಂತ ಇನ್ನೊಂದು, ಅಲ್ಲಿ ರೆಕಾರ್ಡ್ ಮಾಡಿ ಇಲ್ಲಿಗೆ ಕಳಿಸುವುದು. 'ಯಂತ್ರ ಗಿರಾಕಿಯದು, ನಾವು ಸುಮ್ನೆ ಇಟ್ಟುಕೊಂಡಿದ್ದೇವೆ' ಅಂತ ಇವರ ವಾದ. ಎನ್‌ಎಚ್‌ಕೆ ಮತ್ತು ಖಾಸಗಿ ಸ್ಟೇಷನ್‌ಗಳು ಒಟ್ಟಾಗಿ ಕೋರ್ಟಿಗೆ ಹೋದವು. ಬೌದ್ಧಿಕ ಆಸ್ತಿಯ ಹೈಕೋರ್ಟ್ ವ್ಯಾಪಾರಿಗಳ ಪರವಾಗಿಯೇ ಹೇಳಿತ್ತು. ಆದರೆ 2011ರ ಜನವರಿಯಲ್ಲಿ ಎರಡೇ ದಿನದ ಅಂತರದಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ತಿರುಗಿಸಿತು. ಪ್ರಸಾರವನ್ನು ಯಂತ್ರಕ್ಕೆ ಊಡುತ್ತಿರುವುದು ನೀವು, ಆದ್ದರಿಂದ ಕಳಿಸುತ್ತಿರುವುದೂ ನೀವೇ ಅಂತ ವ್ಯಾಪಾರಿಗಳಿಗೆ ಹೇಳಿತು.

ಅಷ್ಟು ಅಚ್ಚುಕಟ್ಟಾಗಿ ಒಂದು ಮನೆಗೆ ಒಂದು ಯಂತ್ರ ಇಟ್ಟವರೇ ಗೆಲ್ಲಲಿಲ್ಲ. ನಿಮ್ಮ ವಾಟ್ಸಾಪ್ ಬಾಕ್ಸಿನವರು ಒಂದೇ ಸಿಗ್ನಲ್ ಹಿಡಿದು ಸಾವಿರ ಜನಕ್ಕೆ ಹಂಚುವವರು. ಎಂಬತ್ತು ಚಾನೆಲ್ಲಿಗೆ ಅವರಲ್ಲಿ ಅನುಮತಿ ಇರಲು ಸಾಧ್ಯವೇ ಇಲ್ಲ, ಯಾಕೆಂದರೆ ಅಂಥ ಅನುಮತಿ ಕೊಡುವವರೇ ಇಲ್ಲ. ಭಾರತ, ಜಪಾನ್ ಎರಡೂ ಕೃತಿಸ್ವಾಮ್ಯದ ಬರ್ನ್ ಒಪ್ಪಂದದಲ್ಲಿವೆ, ಅಲ್ಲಿನ ಕೃತಿಗೆ ಇಲ್ಲೂ ರಕ್ಷಣೆ ಇದೆ. ನೋಡುವ ಮನೆಯವರ ಮೇಲೆ ಪೊಲೀಸ್ ಬರುತ್ತಾರೆ ಅಂತ ಹೆದರಿಸುವುದಿಲ್ಲ. ಇಂಥವುಗಳಲ್ಲಿ ನಾನು ಕಂಡಿರುವ ತೊಂದರೆ ಬೇರೆ. ಮೂರು ತಿಂಗಳು ಚೆನ್ನಾಗಿ ಓಡುತ್ತದೆ. ಒಂದು ದಿನ ಪರದೆ ಕಪ್ಪು. ಫೋನ್ ನಂಬರ್ ಇಲ್ಲ. ದೂರು ಕೊಡೋಣ ಅಂದರೆ ಬಿಲ್ಲೂ ಇಲ್ಲ. ಅಷ್ಟರಲ್ಲಿ ಒಳಗೆ ಏನಿದೆಯೋ ಗೊತ್ತಿಲ್ಲದ ಒಂದು ಪುಟ್ಟ ಕಂಪ್ಯೂಟರ್ ನಿಮ್ಮ ಮನೆಯ ವೈಫೈನಲ್ಲಿ ಹಗಲೂ ರಾತ್ರಿ ಕೂತಿರುತ್ತದೆ. ಅದೇ ವೈಫೈನಲ್ಲಿ ನೀವು ಬ್ಯಾಂಕಿನ ಕೆಲಸ ಮಾಡುತ್ತೀರಿ.

ವಿಪಿಎನ್ ಮಧ್ಯದ ದಾರಿ. ಭಾರತದಲ್ಲಿ ವಿಪಿಎನ್ ಬಳಸುವುದೇ ಅಪರಾಧವಲ್ಲ. ಆದರೆ ಟೀವರ್‌ನ ಸೇವೆ ಜಪಾನಿನೊಳಗಿನವರಿಗೆ ಮಾತ್ರ. ಹೊರಗಿನಿಂದ ನೋಡಿದರೆ ನೀವು ಅವರ ಷರತ್ತು ಮುರಿದಂತೆ. ಅವರೂ ಸುಮ್ಮನೆ ಕೂರುವುದಿಲ್ಲ. ವಿಪಿಎನ್ ಅಂತ ಗುರುತು ಸಿಕ್ಕಿದ ವಿಳಾಸಗಳನ್ನು ಮುಚ್ಚುತ್ತಾ ಹೋಗುತ್ತಾರೆ. ಇವತ್ತು ಬಂದದ್ದು ನಾಳೆ ಇಲ್ಲ. ಪುಕ್ಕಟೆ ವಿಪಿಎನ್ ಅಂತೂ ಮುಟ್ಟಬೇಡಿ, ಅವರ ಸಂಪಾದನೆ ನಿಮ್ಮ ಮಾಹಿತಿಯಿಂದಲೇ. ಯಜಮಾನರು ಎಲ್ಲ ತಿಳಿದೇ ಪ್ರಯತ್ನಿಸುತ್ತೇನೆ ಅಂದರೆ ಅದು ಅವರಿಗೆ ಬಿಟ್ಟದ್ದು. ಆದರೆ ಮಗನ ದಿನಚರಿಯನ್ನು ಅದರ ಮೇಲೆ ಕಟ್ಟಬೇಡಿ.

ಸರಿಯಾದ ದಾರಿಯಲ್ಲಿ ಏನು ಸಿಗುತ್ತದೆ? ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ.

ಎನ್‌ಎಚ್‌ಕೆ ವರ್ಲ್ಡ್-ಜಪಾನ್ ಅವರ ಜಾಲತಾಣದಲ್ಲಿ, ಆಪ್‌ನಲ್ಲಿ ಉಚಿತ. ಆದರೆ ಅದು ಹೆಚ್ಚಾಗಿ ಇಂಗ್ಲಿಷ್. ಹೊರಗಿನವರಿಗೆ ಜಪಾನ್ ತೋರಿಸಲು ಮಾಡಿದ್ದು, ನಿಮ್ಮ ಕೆಲಸಕ್ಕೆ ಅರೆಬರೆ. ಜಪಾನಿ ಭಾಷೆಯದೇ ಆದ ಎನ್‌ಎಚ್‌ಕೆ ವರ್ಲ್ಡ್ ಪ್ರೀಮಿಯಂ ಬೇರೆ ಇದೆ. ಅದು ದುಡ್ಡಿನದು, ಹೋಟೆಲ್, ಕೇಬಲ್ ಮೂಲಕ ಹೋಗುವಂಥದ್ದು. ಹೊರದೇಶದ ಜಪಾನಿಗಳಿಗಾಗಿ ಇದ್ದ ಚಾನೆಲ್‌ಗಳೇ ಈಗ ಮುಚ್ಚುತ್ತಿವೆ. ಯುರೋಪಿನ ಜೆಎಸ್‌ಟಿವಿ 2023ರ ಅಕ್ಟೋಬರ್ ಕೊನೆಗೆ ನಿಂತಿತು. ಉತ್ತರ ಅಮೆರಿಕದ ಟಿವಿ ಜಪಾನ್ 2024ರ ಮಾರ್ಚ್‌ನಲ್ಲಿ ನಿಂತು, ಅದರ ಜಾಗಕ್ಕೆ ನೆಟ್ಟಿನ ಸೇವೆ ಬಂತು. ಈ ಕಾಲದಲ್ಲಿ ಚಾನೆಲ್ ಹಿಂದೆ ಓಡುವುದು ವ್ಯರ್ಥ.

ಖಾಸಗಿಯವರ ಕಾರ್ಯಕ್ರಮಗಳಲ್ಲಿ ಹೊರಗೆ ಸಲೀಸಾಗಿ ಬರುವುದು ಅನಿಮೆ, ಅಂದರೆ ಜಪಾನಿ ಕಾರ್ಟೂನು. ಅದನ್ನು ಮಾಡುವಾಗಲೇ ಹಲವು ಕಂಪನಿಗಳು ಸೇರಿ ಸಮಿತಿ ಕಟ್ಟಿಕೊಂಡು ಹಕ್ಕುಗಳನ್ನು ಹಂಚಿಕೊಂಡಿರುತ್ತವೆ. ಯಾರನ್ನು ಕೇಳಬೇಕು ಅನ್ನುವುದು ಗೊತ್ತಿರುತ್ತದೆ. ಜೊತೆಗೆ ಚಿತ್ರದ ಪಾತ್ರಕ್ಕೆ ಏಜೆನ್ಸಿ ಇಲ್ಲ! ಡೋರೇಮಾನ್, ಶಿನ್‌ಚಾನ್ ಎರಡೂ ಟಿವಿ ಅಸಾಹಿಯವು, ಪೊಕೆಮಾನ್ ಟಿವಿ ಟೋಕಿಯೋದ್ದು. ಕರ್ನಾಟಕದ ಎಷ್ಟೋ ಮಕ್ಕಳು ಹಿಂದಿ ಕಲಿತದ್ದೇ ಡೋರೇಮಾನ್ ನೋಡಿ. ಜಪಾನಿನ ನೀಲಿ ಬೆಕ್ಕು ನಮ್ಮ ಮಕ್ಕಳಿಗೆ ಹಿಂದಿ ಕಲಿಸಿತು ಅಂದರೆ ನಗು ಬರುತ್ತದೆ, ಆದರೆ ನನ್ನ ಅಕ್ಕನ ಮಗನೇ ಸಾಕ್ಷಿ. ನಿಮಗೆ ಬೇಕಾದದ್ದು ಮಾತ್ರ ಮೂಲ ಜಪಾನಿ ಧ್ವನಿ. ಅದಕ್ಕೆ ಅನಿಮೆ ತೋರಿಸುವ ಕ್ರಂಚಿರೋಲ್ ಆಪ್ ಇದೆ. ಯೂಟ್ಯೂಬಿನ ಮ್ಯೂಸ್ ಏಷ್ಯಾ ನಮ್ಮ ಭಾಗಕ್ಕೆ ಹಕ್ಕು ಪಡೆದೇ ತೋರಿಸುತ್ತದೆ, ಅದೂ ಉಚಿತ. ಒಂಬತ್ತು ವರ್ಷದವನಿಗೆ ತಕ್ಕದ್ದೋ ಅಂತ ಮೊದಲು ನೀವು ನೋಡಿ. ಅನಿಮೆ ಎಲ್ಲವೂ ಮಕ್ಕಳದ್ದಲ್ಲ.

ಒಂದು ನಿರಾಸೆಗೆ ಸಿದ್ಧವಾಗಿರಿ. ಭಾನುವಾರ ಸಂಜೆ ಆರೂವರೆಗೆ ಫ್ಯೂಜಿಯಲ್ಲಿ ಬರುವ 'ಸಜಾಎ-ಸಾನ್' ಅವನು ನೋಡುತ್ತಿದ್ದನೇ? 1969ರಿಂದ ನಡೆಯುತ್ತಿದೆ, ಲೋಕದಲ್ಲೇ ಅತಿ ದೀರ್ಘ ಕಾಲ ಓಡಿದ ಅನಿಮೇಷನ್ ಧಾರಾವಾಹಿ ಅಂತ ಗಿನ್ನೆಸ್‌ನಲ್ಲಿದೆ. ಅದು ಮುಗಿಯಿತು ಅಂದರೆ ನಾಳೆ ಸೋಮವಾರ ಅಂತ ದೊಡ್ಡವರಿಗೂ ಹೊಟ್ಟೆಯೊಳಗೆ ಸಂಕಟ. ಇಡೀ ಜಪಾನ್ ನೋಡುವ ಅದು ಹೊರಗೆ ಹೋದದ್ದು ತೀರಾ ಕಡಿಮೆ. ಮನೆಯವರಿಗೆ ಪ್ರಿಯವಾದದ್ದೇ ಹೊರಗೂ ಹೋಗುತ್ತದೆ ಅನ್ನುವ ಹಾಗಿಲ್ಲ.

ಇನ್ನು ಕೆಲವು ಹೋಗಿರುವುದು ವೇಷ ಬದಲಿಸಿ. ಪೋಗೋದಲ್ಲಿ ಜಾವೇದ್ ಜಾಫ್ರಿ ಹಿಂದಿಯಲ್ಲಿ ನಗಿಸುತ್ತಿದ್ದ 'ತಕೇಶೀಸ್ ಕ್ಯಾಸಲ್' ಟಿಬಿಎಸ್‌ನದು, 1986ರದು. ನಮ್ಮ 'ಶಾರ್ಕ್ ಟ್ಯಾಂಕ್ ಇಂಡಿಯಾ'ದ ಮೂಲ ಹುಡುಕಿದರೆ ಅಮೆರಿಕ ದಾಟಿ, ಬ್ರಿಟನ್ ದಾಟಿ, 2001ರಲ್ಲಿ ನಿಪ್ಪಾನ್ ಟಿವಿ ಶುರು ಮಾಡಿದ 'ಮನೀ ನೋ ತೋರಾ' ಸಿಗುತ್ತದೆ. ಹೆಸರಿನ ಅರ್ಥ ದುಡ್ಡಿನ ಹುಲಿಗಳು. ಹುಲಿ ಸಮುದ್ರ ದಾಟಿ ಶಾರ್ಕ್ ಆಯಿತು. ಹೀಗೆ ಐಡಿಯಾ ಮಾರಿದರೆ ಹಾಡಿನ ಹಕ್ಕೂ ಬೇಡ, ನಟರ ಒಪ್ಪಿಗೆಯೂ ಬೇಡ.

ಮಗನಿಗೆ ನನ್ನ ಸಲಹೆ ನಿಪ್ಪಾನ್ ಟಿವಿಯ 'ಹಜಿಮೆತೆ ನೋ ಒತ್ಸುಕಾಯ್'. ಪುಟ್ಟ ಮಕ್ಕಳನ್ನು ಮೊದಲ ಸಲ ಒಬ್ಬರನ್ನೇ ಅಂಗಡಿಗೆ ಕಳಿಸುವುದು. 'ಓಲ್ಡ್ ಇನಫ್' ಎಂಬ ಹೆಸರಿನಲ್ಲಿ ನೆಟ್‌ಫ್ಲಿಕ್ಸ್‌ಗೆ 2022ರಲ್ಲಿ ಬಂತು, ಕಂತುಗಳೂ ಚಿಕ್ಕವು. ಧ್ವನಿ ಜಪಾನಿಯಲ್ಲೇ ಇಡಿ. ಇಂಗ್ಲಿಷ್ ಅಕ್ಷರ ಆರಿಸಿಬಿಡಿ, ಇಲ್ಲದಿದ್ದರೆ ಅವನು ಕೇಳುವುದು ಬಿಟ್ಟು ಓದಲು ಶುರು ಮಾಡುತ್ತಾನೆ. ನೆಟ್‌ಫ್ಲಿಕ್ಸ್‌ನಲ್ಲಿ ಯಾವುದು ಎಷ್ಟು ದಿನ ಇರುತ್ತದೋ ಹೇಳಲಾಗದು, ಇರುವಾಗಲೇ ನೋಡಿಬಿಡಿ.

ಕೊನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಸುದ್ದಿಯಲ್ಲಿ ಹಾಡು, ನಟರ ಗಂಟು ಕಡಿಮೆ. ಅದಕ್ಕೇ ಖಾಸಗಿ ಸ್ಟೇಷನ್‌ಗಳು ಸುದ್ದಿಯನ್ನು ಯೂಟ್ಯೂಬಿನಲ್ಲಿ ಧಾರಾಳವಾಗಿ ಹಾಕುತ್ತವೆ, ಅದು ಇಲ್ಲೂ ತೆರೆಯುತ್ತದೆ. ಟೋಕಿಯೋದವರದ್ದಷ್ಟೇ ಅಲ್ಲ, ನಾಗೋಯಾದ ಸಿಬಿಸಿ, ಮೇತೆರೆ, ಚುಕ್ಯೋ ಟಿವಿಯವರ ಸುದ್ದಿಯೂ ಇದೆ. ಯಾವ ಬೀದಿಯಲ್ಲಿ ಚೆರ್ರಿ ಅರಳಿತು, ಸುರಂಗ ರೈಲು ಎಷ್ಟು ಹೊತ್ತು ನಿಂತಿತ್ತು, ಯಾವ ಶಾಲೆಯಲ್ಲಿ ಕ್ರೀಡಾಕೂಟ, ಇಂಥವೇ. ಅವನು ಓಡಾಡಿದ ಜಾಗಗಳು. ಒಂದೊಂದು ತುಣುಕು ಕೆಲವೇ ನಿಮಿಷ. ರಾತ್ರಿ ಊಟದ ಹೊತ್ತಿಗೆ ಒಂದು ಹಾಕಿ, 'ಇವರು ಏನಂದ್ರು, ನನಗೆ ಅರ್ಥ ಆಗಲಿಲ್ಲ' ಅಂತ ಅವನನ್ನೇ ಕೇಳಿ. ನಿಮಗೆ ಅರ್ಥವಾಗಿದ್ದರೂ.

ಬಾಕ್ಸಿನವರಿಗೆ ಮುಂಗಡ ಏನಾದರೂ ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ. ಬಾಕ್ಸ್ ಮನೆಗೆ ಬಂದುಬಿಟ್ಟಿದ್ದರೆ ವೈಫೈಗೆ ಜೋಡಿಸಬೇಡಿ. ಈಗಾಗಲೇ ಜೋಡಿಸಿದ್ದರೆ ತೆಗೆದು, ವೈಫೈ ಪಾಸ್‌ವರ್ಡ್ ಬದಲಿಸಿ.